ಹಿತ್ತಲ ದೂರದರ್ಶಕ

“ಬಿ.ಎ. ಓದುವವನಿಗೆ ನಕ್ಷತ್ರಗಳ ಗೊಡವೆ ಏಕೆ?” ಎಂದು ಮಿತ್ರರು ಈ ವರ್ಷ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಊರಿನ ಬಂಧುಗಳ ಪ್ರಶ್ನೆ ಇನ್ನೂ ನೇರ: “ಅದರಿಂದ ಕೆಲಸ ಸಿಕ್ಕುತ್ತದೆಯೆ?” ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಉತ್ತರ ಹೇಳಲು ಯತ್ನಿಸುತ್ತೇನೆ.

ಕಳೆದ ಆಶ್ವಯುಜದ ಕೃಷ್ಣಪಕ್ಷದಲ್ಲಿ, ನಮ್ಮೂರಿನ ನಿವೃತ್ತ ಉಪಾಧ್ಯಾಯರೊಬ್ಬರ ಹಿತ್ತಲಿನಲ್ಲಿ ಮೂರು ರಾತ್ರಿ ಕುಳಿತಿದ್ದೆ. ಅವರ ದೂರದರ್ಶಕದ ಬಾಯಿ ಆರೇ ಅಂಗುಲ. ಮೊದಲ ರಾತ್ರಿ ಅವರು ಡಂಬೆಲ್ ನೀಹಾರಿಕೆಯನ್ನು ತೋರಿಸಿದರು. ಫ್ರಾನ್ಸಿನ ಮೆಸ್ಸಿಯೆ 1764ರಲ್ಲಿ ಕಂಡುಹಿಡಿದ ಇದು, ಗ್ರಹರೂಪಿ ನೀಹಾರಿಕೆಗಳಲ್ಲೆಲ್ಲ ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದು. ನನಗೆ ಕಂಡದ್ದಾದರೋ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟಂಥ ಒಂದು ಕಲೆ. “ಇಷ್ಟೇನೆ?” ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ, ಕಣ್ಣಿಡುವ ಕಡೆ ಕ್ಯಾಮೆರಾ ಜೋಡಿಸಿದರು. ಆಕಾಶ ತಿರುಗಿದಂತೆ ಯಂತ್ರವೂ ತಿರುಗಲು, ಮೂರು ಮೂರು ನಿಮಿಷದ ನಲವತ್ತು ಚಿತ್ರಗಳನ್ನು ತೆಗೆದೆವು. ಒಂದೊಂದೂ ಮಸುಕು. ನಲವತ್ತನ್ನೂ ಗಣಕಯಂತ್ರ ಕೂಡಿಸಿದಾಗ ಹಸಿರು ನೀಲಿಯ ಒಡಲು, ಕೆಂಪು ಅಂಚು ಎದ್ದುಬಂದವು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಬೆಳಕಿಗೂ ಸಲ್ಲುತ್ತದೆಂದು ಅಂದು ತಿಳಿಯಿತು.

ಈ ನೀಹಾರಿಕೆಗಳಿಗೂ ಗ್ರಹಗಳಿಗೂ ಸಂಬಂಧವಿಲ್ಲ. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡಿದ್ದ ವಿಲಿಯಂ ಹರ್ಷಲ್, ಅದರ ಬಿಂಬದಂತೆಯೇ ದುಂಡಗೆ ತೋರಿದ ಇವಕ್ಕೆ ಆ ಹೆಸರಿಟ್ಟನು. ನಿಜದಲ್ಲಿ ಇವು ಮುಪ್ಪಾದ ನಕ್ಷತ್ರಗಳು ಕಳಚಿದ ಹೊರಕವಚ. ಒಳಗೆ ಉಳಿದ ಸುಡುತಿರುಳಿನ ಅತಿನೇರಳೆ ಕಿರಣ ಆ ಅನಿಲವನ್ನು ಬೆಳಗಿಸುತ್ತದೆ. ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಎಲ್ಲವೂ ಚೆದರಿಹೋಗುತ್ತದೆ. ಇನ್ನು ಸುಮಾರು ಐನೂರು ಕೋಟಿ ವರ್ಷಗಳಿಗೆ ನಮ್ಮ ಸೂರ್ಯನೂ ತನ್ನ ಹೊರಮೈಯನ್ನು ಹೀಗೆಯೇ ಕಳಚುವನು.

ಇವು ಅನಿಲವೆಂದು ತಿಳಿದುದು ಎಲ್ಲಿ? ಹಿತ್ತಲಿನಲ್ಲಿಯೇ! ಲಂಡನ್ನಿನ ವಿಲಿಯಂ ಹಗಿನ್ಸ್ ರೇಷ್ಮೆ ಬಟ್ಟೆಯ ವ್ಯಾಪಾರಿಗಳ ಮನೆಯವನು, ವಿಶ್ವವಿದ್ಯಾನಿಲಯವನ್ನು ಕಂಡವನಲ್ಲ. ಅಂಗಡಿಯನ್ನು ಮಾರಿ ಮನೆಯಲ್ಲೇ ವೀಕ್ಷಣಾಲಯ ಕಟ್ಟಿಕೊಂಡನು. 1864ರಲ್ಲಿ ಆತ ಇಂಥ ಒಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ ಕೆಲವೇ ಹೊಳೆಯುವ ಗೆರೆಗಳು ಕಂಡವು. ಅದರಲ್ಲಿಯ ಹಸಿರು ಗೆರೆ ಯಾವ ಮೂಲವಸ್ತುವಿಗೂ ಹೊಂದದ್ದರಿಂದ ‘ನೆಬ್ಯುಲಿಯಂ’ ಎಂಬ ಹೊಸದೊಂದನ್ನೇ ವಿದ್ವಾಂಸರು ಕಲ್ಪಿಸಿದರು. ಅದು ಎರಡು ಎಲೆಕ್ಟ್ರಾನು ಕಳೆದುಕೊಂಡ ನಮ್ಮ ಆಮ್ಲಜನಕವೇ ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ. ಇಂದಿನ ಹವ್ಯಾಸಿಗಳು ಅದೇ 500.7 ನ್ಯಾನೋಮೀಟರಿನ ಗೆರೆಯನ್ನೂ ಜಲಜನಕದ 656.3ರ ಕೆಂಪು ಗೆರೆಯನ್ನೂ ಮಾತ್ರ ಬಿಡುವ ಶೋಧಕ ಗಾಜುಗಳನ್ನು ಬಳಸಿ, ಊರದೀಪಗಳ ನಡುವೆಯೂ ಅತಿ ಮಸುಕಾದುದನ್ನು ಹಿಡಿಯುತ್ತಾರೆ.

ಅಮೆರಿಕದ ಡೇವ್ ಜುರಾಸೆವಿಚ್ ಎಂಬ ಹವ್ಯಾಸಿ 160 ಮಿಲಿಮೀಟರಿನ ದೂರದರ್ಶಕದಿಂದ ಹಂಸ ರಾಶಿಯ ಚಿತ್ರ ತೆಗೆಯುತ್ತಿದ್ದಾಗ, 2008ರ ಜುಲೈ 6ರಂದು ಸಾಬೂನು ಗುಳ್ಳೆಯಂಥ ಒಂದು ವರ್ತುಲವನ್ನು ಗಮನಿಸಿದರು. ಗ್ರಹರೂಪಿ ನೀಹಾರಿಕೆಯೊಂದು ಹೊಸದಾಗಿ ಪಟ್ಟಿ ಸೇರಿತು. ಸೋಜಿಗವೆಂದರೆ, ಪ್ಯಾಲೊಮಾರ್ ಪರ್ವತದ ದೊಡ್ಡ ಸಮೀಕ್ಷೆಯ ಹಳೆಯ ಚಿತ್ರದಲ್ಲಿಯೂ ಅದು ಮಸುಕಾಗಿ ಮೂಡಿತ್ತು; ಯಾರೂ ಗಮನಿಸಿರಲಿಲ್ಲ.

ನನ್ನ ಅಭಿಪ್ರಾಯಕ್ಕೆ ಆಧಾರ ಇಲ್ಲಿದೆ. ಮಸುಕಾದುದು ಕಾಣದಿರುವುದು ಉಪಕರಣ ಚಿಕ್ಕದೆಂದು ಮಾತ್ರವಲ್ಲ. ಅದರ ಮುಂದೆ ಸಾಕಷ್ಟು ಹೊತ್ತು ಯಾರೂ ಕುಳಿತಿರುವುದಿಲ್ಲ. ಪಂಪಿಗೆ ನಡುರಾತ್ರಿ ವಿದ್ಯುತ್ತು ಬರುವುದನ್ನು ಕಾಯುತ್ತ ಹೊಲದಲ್ಲಿ ಕೂರುವ ನನ್ನ ತಂದೆಗೆ ಈ ಕಾಯುವಿಕೆ ಹೊಸದಲ್ಲ. ನಾನು ಅವರಿಗೆ ಆ ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿ, “ಇದು ನಮ್ಮ ಹೊಲದ ಮೇಲೂ ಇರುತ್ತದೆಯೆ?” ಎಂದರು. ಕೆಲಸ ಸಿಕ್ಕುತ್ತದೆಯೆ ಎಂದು ಕೇಳಲಿಲ್ಲ.

ಈ ಹವ್ಯಾಸ ಅಗ್ಗದ್ದೆಂದು ಹೇಳಿದರೆ ಸುಳ್ಳಾದೀತು. ಒಳ್ಳೆಯ ಕ್ಯಾಮೆರಾ, ತಿರುಗುವ ಪೀಠ, ಶೋಧಕ ಗಾಜು ಇವನ್ನು ಕೊಳ್ಳುವ ಶಕ್ತಿ ನನ್ನಂಥವನಿಗಿಲ್ಲ. ಆದುದರಿಂದಲೇ ಅವು ಒಬ್ಬನ ಸ್ವತ್ತಾಗದೆ ಕಾಲೇಜಿನ ಸ್ವತ್ತಾಗಬೇಕು. ದೂರದರ್ಶಕವಿಲ್ಲದವರಿಗೂ ದಾರಿಯುಂಟು: ಫ್ರಾನ್ಸಿನ ಸ್ಟ್ರಾಟ್ನರ್, ಜರ್ಮನಿಯ ಡ್ರೆಕ್ಸ್ಲರ್ ಎಂಬ ಹವ್ಯಾಸಿಗಳು ಎಲ್ಲರಿಗೂ ತೆರೆದಿರುವ ಸಮೀಕ್ಷಾ ಚಿತ್ರಗಳನ್ನೇ ಜಾಲಾಡಿ ಅನೇಕ ನೀಹಾರಿಕೆಗಳನ್ನು ಗುರುತಿಸಿದ್ದಾರೆ. ಹಳೆಯ ದಾಖಲೆಯನ್ನು ತಾಳ್ಮೆಯಿಂದ ಓದುವುದು ಇತಿಹಾಸದ ವಿದ್ಯಾರ್ಥಿಯ ಕೆಲಸವೇ ಅಲ್ಲವೆ?

ನಮ್ಮಲ್ಲಿ ಹಿತ್ತಲ ಗಿಡ ಮದ್ದಲ್ಲವೆನ್ನುವರು. ಹಿತ್ತಲಿನಿಂದ ವಿದ್ಯೆಗೆ ಬಂದ ಲಾಭವನ್ನು ಮೇಲೆ ಹೇಳಿದ್ದೇನೆ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಾಲೇಜಿನ ಮಹಡಿಯನ್ನು ರಾತ್ರಿ ತೆರೆಯಬೇಕು. ಅಂಗಳದ ದೀಪಕ್ಕೆ ಮೇಲಿನಿಂದ ಒಂದು ತಗಡಿನ ಮರೆ ಕಟ್ಟಿಸಬೇಕು. ಚಿಕ್ಕದೊಂದು ದೂರದರ್ಶಕವನ್ನು ಬರುವ ವರ್ಷದ ಆಯವ್ಯಯದಲ್ಲಿ ಸೇರಿಸಬೇಕೆಂದು ಹಿರಿಯರಲ್ಲಿ ನನ್ನ ವಿನಯಪೂರ್ವಕ ಬಿನ್ನಹ. ಅದು ಬರುವಷ್ಟರಲ್ಲಿ ನಾನು ಇಲ್ಲಿರುವುದಿಲ್ಲ. ಮೊದಲ ವರ್ಷದ ತಮ್ಮ ತಂಗಿಯರು ಇರುತ್ತಾರೆ.