ಕ್ಲಿಪ್ ಹಾಕಿಸುವ ಮುನ್ನ ಎಲ್ಲ ಮಕ್ಕಳಿಗೂ ತ್ರೀಡಿ ಸ್ಕ್ಯಾನ್ ಬೇಕೇ?

ಮಗಳ ಮುಂದಿನ ಹಲ್ಲು ಉಬ್ಬಿದೆ, ಕ್ಲಿಪ್ ಹಾಕಿಸೋಣ ಎಂದು ದಂತವೈದ್ಯರ ಬಳಿ ಹೋಗುತ್ತೀರಿ. ಅವರು ತಲೆಯ ಎಕ್ಸ್‌ರೇಗೆ ಚೀಟಿ ಬರೆಯುತ್ತಾರೆ. ಕೆಲವು ಪೋಷಕರು 'ಹಲ್ಲಿಗೆ ತಲೆಯ ಎಕ್ಸ್‌ರೇ ಯಾಕೆ?' ಎಂದು ಹಿಂಜರಿಯುತ್ತಾರೆ. ಇನ್ನು ಕೆಲವರು 'ಖರ್ಚಾದರೂ ಚಿಂತೆಯಿಲ್ಲ, ಹೊಸ ತ್ರೀಡಿ ಸ್ಕ್ಯಾನೇ ಆಗಲಿ' ಎನ್ನುತ್ತಾರೆ. ಇಬ್ಬರೂ ಅವಸರ ಮಾಡುತ್ತಿದ್ದಾರೆಂದು ನನ್ನ ಅನಿಸಿಕೆ.

ಮುಖದ ಪಕ್ಕದಿಂದ ತೆಗೆಯುವ ಎಕ್ಸ್‌ರೇಗೆ ಸೆಫಲೋಗ್ರಾಮ್ ಎನ್ನುತ್ತಾರೆ. 1931ರಿಂದಲೂ ಬಳಕೆಯಲ್ಲಿರುವ ವಿಧಾನವಿದು. ಹಲ್ಲು ಉಬ್ಬಿರುವುದು ಮೇಲ್ದವಡೆ ಮುಂದೆ ಬಂದಿದ್ದರಿಂದಲೋ, ಕೆಳದವಡೆ ಹಿಂದೆ ಉಳಿದಿದ್ದರಿಂದಲೋ, ಅಥವಾ ಹಲ್ಲುಗಳು ಮಾತ್ರ ವಾಲಿರುವುದೋ ಎಂಬುದನ್ನು ವೈದ್ಯರು ಇದರಲ್ಲಿ ಕೋನ ಅಳೆದು ತಿಳಿಯುತ್ತಾರೆ. ಚಿಕಿತ್ಸೆಯ ದಾರಿ ನಿಂತಿರುವುದೇ ಇದರ ಮೇಲೆ. ಹೆಚ್ಚಿನ ಮಕ್ಕಳಿಗೆ ಇದು ಮತ್ತು ಎಲ್ಲ ಹಲ್ಲುಗಳನ್ನು ಒಟ್ಟಿಗೆ ತೋರಿಸುವ ಓಪಿಜಿ ಸಾಕು.

ಆದರೆ ತಲೆಬುರುಡೆಯ ಎಡ-ಬಲ ಭಾಗಗಳು ಈ ಚಿತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮುಖ ಒಂದು ಬದಿಗೆ ವಾಲಿದ್ದರೆ ಇದು ಅಷ್ಟಾಗಿ ನೆರವಾಗದು. ಕೋರೆಹಲ್ಲು ಮೂಳೆಯೊಳಗೆ ಸಿಕ್ಕಿಬಿದ್ದು ಪಕ್ಕದ ಹಲ್ಲಿನ ಬೇರನ್ನು ಸವೆಸುತ್ತಿದ್ದರೆ, ಸೀಳುತುಟಿ-ಸೀಳಂಗುಳದ ಮಗುವಾಗಿದ್ದರೆ, ದವಡೆಯ ಶಸ್ತ್ರಚಿಕಿತ್ಸೆ ನಡೆಯಬೇಕಿದ್ದರೆ ಸಿಬಿಸಿಟಿ ಎಂಬ ತ್ರೀಡಿ ಸ್ಕ್ಯಾನ್ ನಿಜಕ್ಕೂ ಉಪಕಾರಿ. ಅಂಥಲ್ಲಿ ವಿಕಿರಣಕ್ಕೆ ಹೆದರಿ ಬೇಡವೆನ್ನುವುದೇ ಮಗುವಿಗೆ ಹಾನಿ.

ವಿಕಿರಣದ ಲೆಕ್ಕವನ್ನೂ ನೋಡಿ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ಸುಮಾರು 2,400 ಮೈಕ್ರೊಸೀವರ್ಟ್ ವಿಕಿರಣ ತಗಲುತ್ತದೆ. ಒಂದು ಸೆಫಲೋಗ್ರಾಮ್‌ನದು ಸಾಮಾನ್ಯವಾಗಿ 10ಕ್ಕಿಂತ ಕಡಿಮೆ, ಅಂದರೆ ಒಂದೆರಡು ದಿನ ಸುಮ್ಮನೆ ಬದುಕಿದಷ್ಟು. ತ್ರೀಡಿ ಸ್ಕ್ಯಾನ್‌ನದು ಯಂತ್ರ ಮತ್ತು ಚಿತ್ರದ ವಿಸ್ತಾರಕ್ಕೆ ತಕ್ಕಂತೆ ಹತ್ತಾರರಿಂದ ನೂರಾರಕ್ಕೆ ಏರುತ್ತದೆ. ಇದೂ ದೊಡ್ಡ ಅಪಾಯವೇನಲ್ಲ. ಆದರೆ ಬೆಳೆಯುವ ಮಕ್ಕಳ ದೇಹಕ್ಕೆ ವಿಕಿರಣ ಹೆಚ್ಚು ತಾಗುತ್ತದೆ. ದೇಹ ಅಲ್ಲಾಹನು ಕೊಟ್ಟ ಅಮಾನತ್ ಎಂದು ನಂಬುವ ನಾವು, ಹೊಸದೆಂಬ ಒಂದೇ ಕಾರಣಕ್ಕೆ ಅದನ್ನು ಮಾಡಿಸುವುದು ಸರಿಯೇ? ಅನಗತ್ಯ ಖರ್ಚಿನ ಮಾತು ಬೇರೆ.

ಆದ್ದರಿಂದ ವೈದ್ಯರನ್ನು ವಿನಯದಿಂದ ಕೇಳಿ: 'ಡಾಕ್ಟ್ರೇ, ಈ ಸ್ಕ್ಯಾನ್‌ನಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?' ಸ್ಪಷ್ಟ ಉತ್ತರ ಸಿಕ್ಕರೆ ಮಾಡಿಸಿ. ಇಡೀ ತಲೆಯ ಬದಲು ಬೇಕಾದ ಭಾಗದ್ದಷ್ಟೇ ಸಾಕೇ ಎಂದೂ ವಿಚಾರಿಸಿ. 'ಎಲ್ಲರಿಗೂ ಮಾಡುತ್ತೇವೆ' ಎಂದಷ್ಟೇ ಹೇಳಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಹಿಜಾಬಿನ ಪಿನ್, ಕಿವಿಯೋಲೆ, ಮೂಗುತಿ ತೆಗೆಯಬೇಕಾಗುತ್ತದೆ. ಮಹಿಳಾ ಸಿಬ್ಬಂದಿ ಇರುವ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಚಿತ್ರದ ಸಿಡಿಯನ್ನು ಮನೆಯಲ್ಲಿ ಜೋಪಾನವಾಗಿಡಿ. ಗಲ್ಫ್‌ನಲ್ಲಿ ಕ್ಲಿಪ್ ಹಾಕಿಸಿ ಮಧ್ಯದಲ್ಲೇ ಊರಿಗೆ ಮರಳುವ ಕುಟುಂಬಗಳು ಹಳೆಯ ಚಿತ್ರ ಕೈಯಲ್ಲಿಲ್ಲದೆ ಮಗುವಿಗೆ ಮತ್ತೆ ಎಲ್ಲವನ್ನೂ ತೆಗೆಸಬೇಕಾಗುತ್ತದೆ.