ಬ್ಯಾಗು ಕಾಯುವ ಮಗುವಿನ ಬಗ್ಗೆ ಪಿಎಚ್.ಡಿ. ಯಾರು ಮಾಡಬೇಕು?

ತಾಲ್ಲೂಕು ಕ್ರೀಡಾಕೂಟದ ಸುದ್ದಿಗೆ ನಾವು ಪ್ರತಿ ವರ್ಷ ಹೋಗುತ್ತೇವೆ. ಉದ್ಘಾಟನೆ, ಧ್ವಜವಂದನೆ, ಅತಿಥಿಗಳು ಗುಂಡು ಎಸೆಯುವ ಫೋಟೊ, ಗೆದ್ದವರ ಪಟ್ಟಿ. ಇಷ್ಟು ಕಳಿಸಿದರೆ ನಮ್ಮ ಕೆಲಸ ಮುಗಿಯಿತು. ಆದರೆ ಪ್ರತಿ ಕೂಟದಲ್ಲೂ ಮರದ ನೆರಳಲ್ಲಿ ಬ್ಯಾಗು, ಚಪ್ಪಲಿ, ನೀರಿನ ಬಾಟಲಿಗಳ ರಾಶಿ ಇರುತ್ತದೆ. ಅದರ ಪಕ್ಕ ಒಂದು ಮಗು ಕೂತಿರುತ್ತದೆ. ಕಾಲು ಸರಿಯಿಲ್ಲದ ಮಗು, ಇಲ್ಲವೇ ಕಣ್ಣು ಕಾಣದ ಮಗು. ಅದು ಕ್ರೀಡಾಕೂಟಕ್ಕೆ ಬಂದಿದೆ, ಆಟಕ್ಕೆ ಬಂದಿಲ್ಲ. ನಾವೂ ಒಂದೆರಡು ಸಲ ನಮ್ಮ ಕ್ಯಾಮೆರಾ ಬ್ಯಾಗನ್ನು ಅಲ್ಲೇ ಇಟ್ಟು, "ನೋಡ್ಕೋ ಮರಿ" ಎಂದು ಹೋಗಿದ್ದೇವೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಪಿಟಿ ಮೇಷ್ಟ್ರನ್ನು ಕೇಳಿದರೆ ಅವರು ಕೆಟ್ಟವರೇನಲ್ಲ. "ಆಡಿಸೋಣ ಸಾರ್, ಬಿದ್ದು ಪೆಟ್ಟಾದರೆ ಯಾರು ಹೊಣೆ? ಏನು ಮಾಡಿಸಬಹುದು, ಏನು ಮಾಡಿಸಬಾರದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ" ಅಂದರು ಒಬ್ಬರು.

ಅವರ ಭಯಕ್ಕೆ ಅರ್ಥವಿದೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲಿನ ಮೂಳೆಗಳ ಕೀಲು ಸಡಿಲವಾಗಿರುತ್ತದೆ. ವೈದ್ಯರಿಗೆ ತೋರಿಸದೆ ಲಾಗ ಹಾಕಿಸಿದರೆ ಅಪಾಯ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಅದರ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಹಾಗಿದ್ದರೆ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಲಿಕುರ್ಚಿಯ ಹುಡುಗನನ್ನು ಎಷ್ಟು ಹೊತ್ತು ಆಡಿಸಬಹುದು? ಎರೆಮಣ್ಣಿನ ಮೈದಾನದಲ್ಲಿ ಗಾಲಿ ಹೂತುಹೋದರೆ ಬದಲಿಗೆ ಏನು ಆಡಿಸಬೇಕು? ಇದಕ್ಕೆ ಚಳಿ ದೇಶದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಇಲ್ಲಿಯೇ ನಿಂತು, ಅಳೆದು, ಬರೆಯಬೇಕು. ಪಿಎಚ್.ಡಿ. ಅನ್ನುವುದು ಇರುವುದೇ ಇದಕ್ಕೆ.

ಎಲ್ಲ ಉತ್ತರಕ್ಕೂ ದುಡ್ಡು ಬೇಕೆಂದಲ್ಲ. ಚೆಂಡನ್ನು ಸದ್ದು ಮಾಡುವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಟ್ಟಿದರೆ ಕಣ್ಣು ಕಾಣದ ಮಗು ಸದ್ದು ಹಿಡಿದು ಚೆಂಡಿನ ಹಿಂದೆ ಓಡುತ್ತದೆ. ಅಂಧರ ಕ್ರಿಕೆಟ್ಟಿನಲ್ಲೂ ಚೆಂಡಿನೊಳಗೆ ಗುಂಡುಗಳಿರುತ್ತವೆ, ಆ ಗಲಗಲ ಸದ್ದಿನ ಮೇಲೆಯೇ ಬ್ಯಾಟು ಬೀಸುವುದು. ಅದೇ ಆಟದಲ್ಲಿ ನಮ್ಮ ಶಿವಮೊಗ್ಗದ ಶೇಖರ್ ನಾಯ್ಕ್ ಭಾರತ ತಂಡದ ನಾಯಕರಾದರು, 2017ರಲ್ಲಿ ಪದ್ಮಶ್ರೀ ಪಡೆದರು. ಹಾಸನ ಜಿಲ್ಲೆಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಚಿಕ್ಕಮಗಳೂರಿನ ರಕ್ಷಿತಾ ರಾಜು ಗೈಡ್ ಓಟಗಾರನ ಜೊತೆ ಒಂದೇ ಹಗ್ಗ ಹಿಡಿದು 1500 ಮೀಟರ್ ಓಡಿ, ಪ್ಯಾರಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಸಲ ಚಿನ್ನ ಗೆದ್ದರು. ಇವರು ಗೆದ್ದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಅವರು ಕಲಿತದ್ದು ಹೇಗೆ, ಎಲ್ಲಿ ಎಡವಿದರು, ಯಾರು ಏನು ಹೇಳಿಕೊಟ್ಟರು ಎಂಬುದು ಪಿಟಿ ಮೇಷ್ಟ್ರ ಕೈಗೆ ಪಾಠವಾಗಿ ಬಂತೇ?

ಇನ್ನು ಬಾಗಿಲಿನ ವಿಷಯ. ನಮ್ಮ ಪರಿಚಯದ ಯುವಕನೊಬ್ಬನಿಗೆ ಪೋಲಿಯೊದಿಂದ ಒಂದು ಕಾಲು ಸಣ್ಣದಾಗಿದೆ. ಊರಿನ ವಾಲಿಬಾಲ್ ತಂಡಕ್ಕೆ ಅವನೇ ಕೋಚ್. ಎದುರಾಳಿ ಎಲ್ಲಿ ಹೊಡೆಯುತ್ತಾನೆಂದು ಮೊದಲೇ ಹೇಳಿಬಿಡುತ್ತಾನೆ. ಬಿ.ಪಿ.ಎಡ್. ಮಾಡಬೇಕೆಂದು ಒಂದು ಕಾಲೇಜಿಗೆ ಹೋದ. ಪ್ರವೇಶಕ್ಕೆ ಓಟ, ಉದ್ದಜಿಗಿತ, ಗುಂಡು ಎಸೆತದ ಪರೀಕ್ಷೆ. ಅವನ ಕಾಲು ನೋಡಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ಬಿ.ಪಿ.ಎಡ್.ನಂಥ ಪದವಿ ಇಲ್ಲದೆ ಎಂ.ಪಿ.ಎಡ್. ಇಲ್ಲ, ಎಂ.ಪಿ.ಎಡ್. ಇಲ್ಲದೆ ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ. ಕಷ್ಟ. ಹೀಗಾಗಿ ವಿಕಲಚೇತನರ ಆಟದ ಬಗ್ಗೆ ಸಂಶೋಧನೆ ನಡೆದರೂ ಅವರು ಅಳೆಸಿಕೊಳ್ಳುವವರಾಗಿಯೇ ಉಳಿಯುತ್ತಾರೆ, ಟೇಪು ಹಿಡಿಯುವುದು ಬೇರೆಯವರು.

"ಓಡಿ ತೋರಿಸಲಾಗದವನು ಓಟ ಹೇಗೆ ಕಲಿಸುತ್ತಾನೆ?" ಎನ್ನುವವರಿದ್ದಾರೆ. ಅರುವತ್ತು ದಾಟಿದ ಕೋಚ್‌ಗಳು ಸೀಟಿ ಹಿಡಿದು ನಿಂತೇ ಕಲಿಸುವುದಿಲ್ಲವೇ? ಪಿಎಚ್.ಡಿ. ಗೈಡ್ ಆಗುವ ಪ್ರಾಧ್ಯಾಪಕರಿಗೆ ಯಾರಾದರೂ ನೂರು ಮೀಟರ್ ಓಡಿಸಿದ್ದಾರೆಯೇ? ಓಡಿಸಿದರೆ ಎಷ್ಟು ಜನ ಉಳಿಯುತ್ತಾರೋ, ಅದು ಬೇರೆ ಮಾತು.

ಕಾನೂನು ನಮ್ಮ ಕಡೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಎಲ್ಲರಿಗೂ ಅವಕಾಶ ಸಿಗುವಂತೆ ಕೋರ್ಸುಗಳನ್ನೇ ತಿದ್ದಿ ರೂಪಿಸಬೇಕು ಎನ್ನುತ್ತದೆ. 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಇದು ಸಿಗಲು ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಯುಜಿಸಿಯ 2022ರ ನಿಯಮ ಅಂಗವಿಕಲ ಸಂಶೋಧಕರಿಗೆ ಪಿಎಚ್.ಡಿ. ಮುಗಿಸಲು 2 ವರ್ಷ ಹೆಚ್ಚಿಗೆ ಕೊಡಬಹುದು ಎನ್ನುತ್ತದೆ. ಅವರಿಗೆಂದೇ ರಾಷ್ಟ್ರೀಯ ಫೆಲೋಶಿಪ್ಪೂ ಇದೆ. ಆದರೆ ಕೆಳಗಿನ ಮೆಟ್ಟಿಲಲ್ಲೇ ಓಟದ ಪರೀಕ್ಷೆ ಇಟ್ಟು ಮೇಲಿನ ಮೆಟ್ಟಿಲಲ್ಲಿ ಸೀಟು ಕಾದಿರಿಸಿದರೆ ಅದರಲ್ಲಿ ಕೂರುವವರು ಯಾರು? ಈ ಪರೀಕ್ಷೆಯನ್ನು ಮೊದಲು ಬದಲಿಸಬೇಕು. ಕುಳಿತು ಗುಂಡು ಎಸೆಯುವುದು ಪ್ಯಾರಾಲಿಂಪಿಕ್ಸ್‌ನಲ್ಲೇ ಇದೆ, ಪ್ರವೇಶ ಪರೀಕ್ಷೆಯಲ್ಲಿ ಏಕಿರಬಾರದು?

ಇನ್ನೊಂದು ಮಾತು. ಥೀಸಿಸ್‌ಗಳು ಶೋಧಗಂಗಾ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಫೋನಿನಲ್ಲೇ ತೆರೆಯಬಹುದು. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಕೋಷ್ಟಕಗಳೇ ತುಂಬಿವೆ. ಪ್ರತಿ ಥೀಸಿಸ್ ಜೊತೆ ಪಿಟಿ ಮೇಷ್ಟ್ರಿಗೆಂದು ಕನ್ನಡದಲ್ಲಿ ನಾಲ್ಕು ಪುಟ ಬರೆಯಬೇಕೆಂದು ನಮ್ಮ ವಿಶ್ವವಿದ್ಯಾಲಯಗಳು ನಿಯಮ ಮಾಡಲಿ. ಆ ನಾಲ್ಕು ಪುಟವನ್ನು ವಾಟ್ಸಾಪಿನಲ್ಲಿ ಹಂಚುವ ಕೆಲಸ ನಮಗಿರಲಿ.

ಆ ಯುವಕ ಕೊನೆಗೆ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ. ಈಗಲೂ ಸಂಜೆ ಐದಕ್ಕೆ ಮೈದಾನದಲ್ಲಿರುತ್ತಾನೆ. ಮೊನ್ನೆ ಹೋದಾಗ ಬ್ಯಾಗಿನ ರಾಶಿ ಅಲ್ಲೂ ಇತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಶ್ರವಣಯಂತ್ರ ಹಾಕಿಕೊಂಡ ಹುಡುಗಿಯೊಬ್ಬಳು ಸರ್ವೀಸ್ ಮಾಡುತ್ತಿದ್ದಳು. ಅವನು ಸೀಟಿ ಊದುವ ಬದಲು ಕೈಯಲ್ಲಿದ್ದ ಕೆಂಪು ಟವೆಲ್ ಎತ್ತಿದ.