ಕಳ್ಳನ ಕಸುಬು ಕಾಯಕವಲ್ಲ



ಕಳವನ್ನೇ ಕಸುಬಾಗಿ ಹಿಡಿದವನು ಕಥಾನಾಯಕನಾಗಿರುವ ಕಾದಂಬರಿಗಳನ್ನು ಮೆಚ್ಚುವವರು ಒಂದು ಮಾತನ್ನು ಹೇಳುವುದುಂಟು: ‘ಅವನು ಕಳ್ಳನಿರಬಹುದು; ಆದರೆ ಕೆಲಸದಲ್ಲಿ ನಿಷ್ಠೆಯುಳ್ಳವನು, ಜೊತೆಗಾರರಿಗೆ ಕೊಟ್ಟ ಮಾತಿಗೆ ತಪ್ಪದವನು, ಯಾರ ಮುಂದೆಯೂ ಕೈಯೊಡ್ಡದವನು. ಕಾಯಕವೆಂದರೆ ಇದೇ ಅಲ್ಲವೇ?’ ಅಲ್ಲವೆಂಬುದೇ ನಮ್ಮ ಸ್ಪಷ್ಟ ಉತ್ತರ.

ಈ ವಾದ ಹೊಸತಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕುತ್ತಾನೆ. ಇಟ್ಟಿಗೆಯ ಗೋಡೆಗೆ ಯಾವ ಆಕಾರದ ಕನ್ನ ಒಪ್ಪುವುದೆಂದು ಶಿಲ್ಪಿಯಂತೆ ಯೋಚಿಸಿ ಪೂರ್ಣಕುಂಭವನ್ನು ಆರಿಸುತ್ತಾನೆ. ಜನಿವಾರವೇ ಅವನಿಗೆ ಅಳತೆಯ ದಾರ! ಪರರ ಊಳಿಗಕ್ಕಿಂತ ಸ್ವತಂತ್ರವಾದ ಕಳವೇ ಮೇಲೆಂಬುದು ಅವನ ಸಿದ್ಧಾಂತ.

ಇದೇ ಸಿದ್ಧಾಂತವು ಅಮೆರಿಕದಲ್ಲಿ ಇನ್ನಷ್ಟು ಕಠೋರವಾಯಿತು. ಡೊನಾಲ್ಡ್ ವೆಸ್ಟ್‌ಲೇಕ್ ಎಂಬ ಲೇಖಕರು ರಿಚರ್ಡ್ ಸ್ಟಾರ್ಕ್ ಎಂಬ ಹೆಸರಿನಲ್ಲಿ 1962ರಲ್ಲಿ ಬರೆದ ‘ದಿ ಹಂಟರ್’ ಕಾದಂಬರಿಯ ಪಾರ್ಕರ್‌ಗೆ ಕಳವು ಪಾಪವೂ ಅಲ್ಲ, ಸಾಹಸವೂ ಅಲ್ಲ, ಬರಿಯ ಕೆಲಸ. ಸಂಗಡಿಗನೂ ಹೆಂಡತಿಯೂ ಅವನಿಗೆ ದ್ರೋಹವೆಸಗುತ್ತಾರೆ. ಆಗ ಅವನು ತನ್ನ ಪಾಲಿನ 45,000 ಡಾಲರುಗಳಿಗಾಗಿ ಒಂದು ದೊಡ್ಡ ಪಾತಕಕೂಟವನ್ನೇ ಎದುರಿಸುತ್ತಾನೆ.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಿರಿ. ಪರರ ಸೊತ್ತಿಗೆ ಬೆಲೆ ಕೊಡದವನು ‘ನನ್ನ ಪಾಲು’ ಎಂದು ಯಾವ ಬಾಯಿಂದ ಕೇಳುತ್ತಾನೆ? ಸ್ವತ್ತು ಪವಿತ್ರವೆಂದು ಅವನೂ ನಂಬಿದ್ದಾನೆ. ಆದರೆ ತನ್ನದು ಮಾತ್ರ! ಇದು ಸಿದ್ಧಾಂತವಲ್ಲ, ಸ್ವಾರ್ಥ. ‘ಲೋಕವೆಲ್ಲ ಕಳ್ಳರೇ’ ಎಂಬ ಸಮಾಧಾನವೂ ನಿಲ್ಲದು. ಲೇಖನಿಯಿಂದ ಕದಿಯುವವರು ಇಲ್ಲವೆಂದು ನಾವು ಹೇಳಲಾರೆವು. ಅದರಿಂದ ಕಳ್ಳರ ಲೆಕ್ಕ ಹೆಚ್ಚುವುದೇ ಹೊರತು ಕಳವಿನ ದೋಷ ಕಡಿಮೆಯಾಗದು.

ಇನ್ನು ಕುಶಲತೆಯ ಮಾತು. ನಮ್ಮ ಪಾವಗಡ ಸೀಮೆಯ ವೈ.ಎನ್. ಹೊಸಕೋಟೆಯು ನೇಕಾರರ ಊರು. ಅಲ್ಲಿ ಮಗ್ಗದಿಂದ ಒಂದು ರೇಷ್ಮೆ ಸೀರೆ ಇಳಿಯಬೇಕಾದರೆ ಹಾಸು ಹೂಡುವವರು, ಕಂಡಿಕೆ ಸುತ್ತುವವರು, ನೇಯುವವರು, ಹೀಗೆ ಮನೆಮಂದಿಯೆಲ್ಲ ದುಡಿಯಬೇಕು. ಅದನ್ನು ಕದ್ದೊಯ್ಯುವವನು ಒಯ್ಯುವುದು ಬಟ್ಟೆಯನ್ನಲ್ಲ, ಅವರ ದಿನಗಳನ್ನು. ಸಾಲ ಮಾತ್ರ ನೇಕಾರನ ಮನೆಯಲ್ಲೇ ಉಳಿಯುವುದು. ಕಾಯಕವು ದಾಸೋಹದಲ್ಲಿ ಮುಗಿಯಬೇಕು. ಕಳವು ಪಾಲು ಹಂಚಿಕೆಯಲ್ಲಿ ಮುಗಿಯುತ್ತದೆ. ಕೈಚಳಕವೊಂದೇ ಕಾಯಕವಾಗದು.

ಕನ್ನದ ಮಾರಿತಂದೆಗಳನ್ನು ಎದುರಿಗೆ ಹಿಡಿಯುವವರೂ ಉಂಟು. ಪೂರ್ವದಲ್ಲಿ ಕಳ್ಳರಾಗಿದ್ದರೆಂದು ಪರಂಪರೆ ಹೇಳುವ ಆ ಶರಣರ ವಚನದಲ್ಲಿ ಕನ್ನವು ಅನುಭಾವದ ರೂಪಕವಾಯಿತು. ಶರ್ವಿಲಕನಿಗೆ ಮಲಗಿದವರ ಮನೆಯೇ ಬೇಕು. ಮಾರಿತಂದೆಗಳಿಗೆ ಮಲಗಿದವರನ್ನು ಎಬ್ಬಿಸುವುದೇ ಕೆಲಸ.

ಇಂಥ ಪುಸ್ತಕಗಳನ್ನು ಸುಡಬೇಕೆಂದು ನಾವು ಹೇಳುತ್ತಿಲ್ಲ. ಕಳೆದುಕೊಂಡವರಿಗೆ ಅಲ್ಲಿ ಸ್ಥಳವಿದೆಯೇ ಎಂಬುದೇ ನಮ್ಮ ಪ್ರಶ್ನೆ. ಶೂದ್ರಕನು ಸ್ಥಳ ಕೊಟ್ಟನು: ಬಡವನ ಮಾತನ್ನು ಯಾರು ನಂಬುವರೆಂದು ಚಾರುದತ್ತನು ಕುಗ್ಗುತ್ತಾನೆ, ಅವನ ಮಡದಿ ಧೂತೆಯು ತನ್ನ ರತ್ನಾವಳಿಯನ್ನೇ ತೆಗೆದುಕೊಡುತ್ತಾಳೆ, ಕೊನೆಗೆ ಮದನಿಕೆಯ ಮಾತು ಕೇಳಿ ಶರ್ವಿಲಕನು ಒಡವೆಗಳನ್ನು ಹಿಂದಿರುಗಿಸುತ್ತಾನೆ. ಸ್ಟಾರ್ಕ್‌ರ 1964ರ ‘ದಿ ಸ್ಕೋರ್’ನಲ್ಲಾದರೋ ಒಂದು ಗಣಿಯ ಊರನ್ನೇ ಒಂದು ರಾತ್ರಿಯಲ್ಲಿ ದೋಚಲಾಗುತ್ತದೆ, ಗಣಿಯವರ ಸಂಬಳದ ಹಣವೂ ಸೇರಿ. ಆ ಹಣಕ್ಕಾಗಿ ದುಡಿದವರ ಮನೆಯೊಳಗೆ ಕಥೆ ನಮ್ಮನ್ನು ಕರೆದೊಯ್ಯುವುದಿಲ್ಲ.

ಆದುದರಿಂದ, ಓದುಗರೇ, ಕಳ್ಳನ ಜಾಣ್ಮೆಗೆ ತಲೆದೂಗುವ ಮುನ್ನ ಕಳೆದುಕೊಂಡವನು ಯಾವ ಪುಟದಲ್ಲಿದ್ದಾನೆಂದು ಹುಡುಕಿರಿ. ಎಲ್ಲಿಯೂ ಕಾಣದಿದ್ದರೆ, ಲೇಖಕರು ಅವನ ನೋವನ್ನು ನಿಮ್ಮ ಕಣ್ಣಿನಿಂದ ಮರೆಮಾಡಿದ್ದಾರೆಂದು ತಿಳಿಯಿರಿ.